ಹಳೇ ಸೀರೆಯೂ ಕೌದಿಯೂ

ಸುಗ್ಗಿ ತೀರಿದ ಮೇಲೆ ನಮ್ಮ ಹಳ್ಳಿಗಳಿಗೆ ಪಾತ್ರೆ ಮಾರುವವರು ಬರುವದು ವಾಡಿಕೆ. ಅವರು ರೊಕ್ಕ ಕೇಳುವದಿಲ್ಲ. ಹಳೇ ಸೀರೆ, ಧೋತರ, ಅಂಗಿಗಳನ್ನು ತೆಗೆದುಕೊಂಡು ಒಂದು ಸ್ಟೀಲಿನ ಡಬ್ಬಿಯನ್ನೋ ಪ್ಲಾಸ್ಟಿಕ್ ಬುಟ್ಟಿಯನ್ನೋ ಕೊಟ್ಟು ಹೋಗುವರು. ಮೂಲೆಯಲ್ಲಿದ್ದ ಚಿಂದಿ ಹೋಗಿ ಹೊಳೆಯುವ ಪಾತ್ರೆ ಬಂತೆಂದು ಮನೆಯವರು ಸಂತೋಷಪಡುವರು. ಆದರೆ ಅದೇ ಮನೆಯವರು ಚಳಿ ಬಿದ್ದ ಕೂಡಲೆ ಕಂತಿನ ಮೇಲೆ ರಗ್ಗನ್ನು ತಂದು, ಆ ಸಾಲವನ್ನು ಬೇಸಿಗೆಯ ವರೆಗೂ ತೀರಿಸುತ್ತಿರುವದುಂಟು. ಹೀಗಿರಲಾಗಿ, ಕೊಟ್ಟದ್ದೇನು, ಪಡೆದದ್ದೇನು ಎಂದು ಸ್ವಲ್ಪ ಹೊತ್ತು ಕೂತು ಎಣಿಸುವದು ಒಳ್ಳೇದೆಂದು ನಮಗೆ ತೋರುತ್ತದೆ.

ಧಾರವಾಡ, ಗದಗ, ಬೆಳಗಾವಿ ಸೀಮೆಗಳ ತಾಯಂದಿರಿಗೆ ಕೌದಿ ಎಂದರೇನೆಂದು ನಾವು ಹೇಳಬೇಕಾದದ್ದಿಲ್ಲ. ಬೇರೆ ಸೀಮೆಗಳವರಿಗೋಸ್ಕರ ಹೇಳುವದಾದರೆ, ಹಳೇ ಬಟ್ಟೆಗಳನ್ನು ಪದರು ಪದರಾಗಿ ಹಾಸಿ, ಒಂದರ ಮೇಲೊಂದು ಹಿಡಿದು ನಿಲ್ಲುವಂತೆ ಉದ್ದಕ್ಕೂ ಹೊಲಿದ ಹೊದಿಕೆಯೇ ಕೌದಿ. ಮರಾಠಿಯವರು ಇದಕ್ಕೆ ಗೋಧಡಿ ಎನ್ನುವರು. ಬಂಗಾಳದವರು ಕಾಂಥಾ ಎನ್ನುವರು. ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿಯು ಮೈಯ ಬಿಸಿಯನ್ನು ಹೊರಗೆ ಹೋಗಗೊಡಿಸದೆ ಇರುವದರಿಂದ, ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಬಟ್ಟೆಗಳ ಕೌದಿಯು ಹೆಚ್ಚು ಬೆಚ್ಚಗಿರುವದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದಾರೆ; ಹಾಸಿಗೆಯನ್ನೇ ಉದ್ದಮಾಡುವ ಉಪಾಯವನ್ನೂ ಅವರು ಬಲ್ಲವರಾಗಿದ್ದರು.

ಮೊದಲು ಬಟ್ಟೆಯ ಆಯ್ಕೆಯನ್ನು ಕುರಿತು. ಈಗಿನ ಸೀರೆಗಳಲ್ಲಿ ಬಹಳವು ಹತ್ತಿಯವಲ್ಲ, ಪಾಲಿಯೆಸ್ಟರಿನವು. ಅವು ಬೆವರನ್ನು ಹೀರುವದಿಲ್ಲ. ಬೆಂಕಿ ತಗಲಿದರೆ ಕರಗಿ ಮೈಗೆ ಅಂಟಿಕೊಳ್ಳುವವು. ಒಲೆಯಿರುವ ಕೋಣೆಯಲ್ಲಿಯೇ ಮಲಗುವ ಮನೆಗಳು ಎಷ್ಟೋ ಇರುವದರಿಂದ ಇದನ್ನು ಹಗುರವಾಗಿ ಎಣಿಸಬಾರದು. ಪರೀಕ್ಷೆಯು ಸುಲಭ. ಅಂಚಿನಿಂದ ಒಂದು ಎಳೆಯನ್ನು ಎಳೆದು, ಇಕ್ಕಳದಲ್ಲಿ ಹಿಡಿದು ಹೊತ್ತಿಸಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುವದು. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುವದು. ಮಣಿಯಾಗುವ ಸೀರೆಗಳನ್ನು ಪಾತ್ರೆಯವನಿಗೆ ಧಾರಾಳವಾಗಿ ಕೊಡಿರಿ, ನಮ್ಮ ಅಡ್ಡಿಯಿಲ್ಲ. ಹತ್ತಿಯದನ್ನು ಮಾತ್ರ ಕೊಡಬೇಡಿರಿ.

ಇನ್ನೊಂದು ಸಂಗತಿಯುಂಟು. ಹಳೇ ವಸ್ತ್ರಕ್ಕೆ ಹೊಸ ಬಟ್ಟೆಯ ತೇಪೆ ಹಚ್ಚಿದರೆ ಹರಕು ಹೆಚ್ಚಾಗುವದೆಂಬ ಸಾಮ್ಯವನ್ನು ಮಾರ್ಕನ ಸುವಾರ್ತೆಯ ೨ನೇ ಅಧ್ಯಾಯದಲ್ಲಿ ಓದುತ್ತೇವೆ. ಕರ್ತನು ಅದನ್ನು ಹೊಲಿಗೆ ಕಲಿಸುವದಕ್ಕಾಗಿ ಹೇಳಲಿಲ್ಲವೆಂಬದು ನಿಜ; ಆದರೆ ಕೇಳಿದವರು ಮನೆಯಲ್ಲಿ ಅದನ್ನು ಕಂಡವರಾದದರಿಂದಲೇ ಮಾತು ಅವರಿಗೆ ಹತ್ತಿತು. ಹೊಸ ಹತ್ತಿಬಟ್ಟೆಯು ನೀರು ಕಂಡಾಗ ಕುಗ್ಗುವದು. ತೊಳೆದು ತೊಳೆದು ಸವೆದ ಬಟ್ಟೆಯು ಇನ್ನು ಕುಗ್ಗುವದಿಲ್ಲ. ಎರಡನ್ನೂ ಕೂಡಿಸಿ ಹೊಲಿದರೆ ಮೊದಲನೇ ಒಗೆತದಲ್ಲಿಯೇ ಹೊಸದು ಹಳೇದನ್ನು ಎಳೆದು ಹರಿಯುವದು. ಆದಕಾರಣ ದರ್ಜಿಯ ಅಂಗಡಿಯಿಂದ ತಂದ ಹೊಸ ಚೂರುಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಒಣಗಿಸಿ, ಆ ಮೇಲೆ ಕೌದಿಗೆ ಸೇರಿಸತಕ್ಕದ್ದು.

ಅಳತೆಯನ್ನು ಹೇಳುವೆವು. ಸೀರೆಯ ಉದ್ದ ೫.೫ ಮೀಟರು, ಅಗಲ ಸುಮಾರು ೧.೧ ಮೀಟರು ಎಂದು ಹಿಡಿಯಿರಿ. ಮೇಲಿನ ಮುಖಕ್ಕೆ ೨ ಮೀಟರು, ಕೆಳಗಿನ ಮುಖಕ್ಕೆ ೨ ಮೀಟರು ಹೋದರೆ ಒಂದೂವರೆ ಮೀಟರು ಉಳಿಯುವದು. ಒಬ್ಬರು ಹೊದೆಯುವ ಕೌದಿಗೆ ಹೀಗೆ ಒಂದೇ ಸೀರೆ ಸಾಕು. ಒಳಗಿನ ಪದರುಗಳಿಗೆ ಉಳಿದ ತುಂಡು, ಹರಿದ ಧೋತರ, ಗುಂಡಿ ಕಿತ್ತ ಅಂಗಿಗಳು ಸಲ್ಲುವವು. ಎಲ್ಲವನ್ನೂ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿನಲ್ಲಿ ಒಣಗಿಸಬೇಕು. ತಿಗಣೆಯು ಪದರಿನೊಳಗೆ ಸೇರಿಕೊಂಡರೆ ಆ ಮೇಲೆ ತೆಗೆಯುವದು ಕಷ್ಟ. ನೆಲವನ್ನು ಗುಡಿಸಿ, ಬಟ್ಟೆಗಳನ್ನು ಸುಕ್ಕಿಲ್ಲದಂತೆ ಹಾಸಿ, ಅಲ್ಲಲ್ಲಿ ಉದ್ದ ಟಾಕಿ ಹಾಕಿ ಹಿಡಿಸಿ, ಅಂಚನ್ನು ಮಡಿಚಿ ಹೊಲಿದು, ನಂತರ ಬೆರಳಗಲದ ಸಾಲುಗಳನ್ನು ಹಾಕುತ್ತಾ ಹೋಗಬೇಕು. ಸಾಲುಗಳು ದೂರ ದೂರವಾದರೆ ಒಳಗಿನ ಬಟ್ಟೆಯು ಮುದ್ದೆಯಾಗಿ ಒಂದು ಮೂಲೆಗೆ ಸರಿಯುವದು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಅವರ ಹೆಣ್ಣುಮಕ್ಕಳು ಹೊಲಿಯುವ ಕವಂದಿಯು ಬೇರೆ ತರದ್ದು. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನ ವರೆಗೆ ಬರುವರು. ಕಡೆಗೆ ಮೂಲೆಗಳಲ್ಲಿ ಮಡಿಸಿದ ತ್ರಿಕೋಣದ ತುಂಡುಗಳನ್ನು ಕೂಡಿಸಿ ಅದಕ್ಕೆ ಫೂಲ, ಅಂದರೆ ಹೂವು, ಎನ್ನುವರು. ಹೂವಿಲ್ಲದ ಕವಂದಿಯನ್ನು ಅವರು ಪೂರ್ಣವೆಂದು ಎಣಿಸುವದಿಲ್ಲ. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಹೊಲಿಗೆಯ ರೀತಿ ಮಾತ್ರ ಎಲ್ಲರಿಗೂ ಒಂದೇ. ನಾವು ಚಿಂದಿ ಎನ್ನುವದನ್ನು ಅವರ ಕೈಯಿಂದ ಹೊರಬಂದ ಮೇಲೆ ಅಮೆರಿಕದಲ್ಲಿ ಪ್ರದರ್ಶನಕ್ಕೆ ಇಟ್ಟದ್ದುಂಟು.

ಈಗ ಬಹು ಮಂದಿ ಎಣಿಸದೆ ಬಿಡುವ ಲೆಕ್ಕಕ್ಕೆ ಬರೋಣ. ಕೌದಿಯು ಪುಕ್ಕಟೆಯಾಗಿ ಆಗುವದೆಂದು ಗಂಡಸರು ಹೇಳುವದನ್ನು ನಾವು ಕೇಳಿದ್ದೇವೆ. ೧.೧ ಮೀಟರಿನ ಅಗಲದಲ್ಲಿ ಎರಡೂವರೆ ಸೆಂಟಿಮೀಟರಿಗೆ ಒಂದು ಸಾಲು ಹಾಕಿದರೆ ೪೪ ಸಾಲುಗಳು. ಸಾಲೊಂದಕ್ಕೆ ೨ ಮೀಟರಿನಂತೆ ೮೮ ಮೀಟರು ಹೊಲಿಗೆ. ಬಟ್ಟೆಯು ಪುಕ್ಕಟೆ, ಸೂಜಿದಾರದ ಬೆಲೆ ಅಲ್ಪ. ಆದರೆ ಆ ೮೮ ಮೀಟರು ಯಾರ ಕಣ್ಣು ಬೆರಳುಗಳಿಂದ ಹೋಗುವದು? ಹಗಲೆಲ್ಲಾ ಹೊಲದಲ್ಲಿ ಕಳೆ ತೆಗೆದು, ಸಂಜೆಗೆ ರೊಟ್ಟಿ ಬಡಿದು, ಮಕ್ಕಳು ಮಲಗಿದ ಮೇಲೆ ಮಂದ ದೀಪದ ಕೆಳಗೆ ಕೂಡ್ರುವ ತಾಯಿಯಿಂದಲ್ಲವೇ? ಮಿತವ್ಯಯದ ಭಾರವೆಲ್ಲಾ ಒಬ್ಬಳ ಹೆಗಲ ಮೇಲೆ ಬಿದ್ದರೆ ಅದು ಮಿತವ್ಯಯವಲ್ಲ. ಮನೆಯ ಖರ್ಚನ್ನು ಅವಳ ಮೈಮೇಲೆ ಬರೆದಂತೆಯೇ ಆಯಿತು.

ಹೊಲದ ಕೆಲಸವಿಲ್ಲದ ಬೇಸಿಗೆಯ ದಿನಗಳಲ್ಲಿ, ಹಗಲು ಬೆಳಕಿನಲ್ಲಿ, ಮನೆಯವರೆಲ್ಲರೂ ಕೌದಿಯ ಸುತ್ತಲೂ ಕೂಡ್ರಲಿ. ಹುಡುಗರು ಸೂಜಿಗೆ ದಾರ ಪೋಣಿಸಲಿ. ಅಪ್ಪನು ಒಂದು ಅಂಚನ್ನು ಹಿಡಿಯಲಿ. ಪೇಟೆಯಲ್ಲಿ ದರ್ಜಿಯಾಗಿ ಕೂಡ್ರುವದಕ್ಕೆ ನಾಚದ ಗಂಡಸು ಮನೆಯಲ್ಲಿ ಸೂಜಿ ಹಿಡಿಯುವದಕ್ಕೆ ಯಾಕೆ ನಾಚಬೇಕು? ಪೌಲನು ಗುಡಾರ ಮಾಡುವ ಕಸಬಿನವನಾಗಿದ್ದನಷ್ಟೆ. ಕೆಲಸದ ದಿನಗಳಲ್ಲಿಯಾದರೋ, ಕೂಲಿಯನ್ನು ಬಿಟ್ಟು ಕೌದಿ ಹೊಲಿಯುವದು ನಷ್ಟವೇ ಹೊರತು ಲಾಭವಲ್ಲ. ಮನೆಮನೆಗೆ ಬಂದು ಕೂಲಿಗೆ ಕೌದಿ ಹೊಲಿಯುವ ಅಕ್ಕತಂಗಿಯರೂ ಇದ್ದಾರೆ. ಅವರನ್ನು ಕರೆದರೆ ಕೂಲಿಯನ್ನು ಮೊದಲೇ ಮಾತಾಡಿ, ಕೆಲಸ ಮುಗಿದ ದಿನವೇ ಕೊಡಬೇಕು. ಹಳೇ ಬಟ್ಟೆಯ ಕೆಲಸವೆಂದು ಹೇಳಿ ಕೂಲಿಯನ್ನು ಇಳಿಸುವವರು ಮೇಲೆ ಹೇಳಿದ ೮೮ ಮೀಟರನ್ನು ಒಮ್ಮೆ ತಾವೇ ಹೊಲಿದು ನೋಡಲಿ.

ಕೂಸುಗಳಿಗೆ ಹೊಲಿಯುವ ಕೌದಿಯು ಚಿಕ್ಕದಾಗಿ, ಎರಡು ಮೂರು ಪದರಿನದಾಗಿ ಇರಲಿ. ಭಾರವಾದ ಕೌದಿಯನ್ನು ವರುಷದೊಳಗಿನ ಮಗುವಿಗೆ ಹೊದಿಸಬಾರದು. ಅದು ಮುಖದ ಮೇಲೆ ಬಿದ್ದರೆ ಮಗುವಿಗೆ ಸರಿಸುವ ಶಕ್ತಿಯಿರುವದಿಲ್ಲ.

ದೊಡ್ಡ ಕೌದಿಯು ನೆನೆದಾಗ ಬಹು ಭಾರವಾಗುವದರಿಂದ ಇಬ್ಬರು ಕೂಡಿ ಒಗೆಯಬೇಕು, ಹಿಂಡಬಾರದು. ಬಂಡೆಯ ಮೇಲೆ ಹಾಸಿ ನೀರು ಇಳಿಯಬಿಟ್ಟರೆ ಹೊಲಿಗೆ ಕಡಿಯುವದಿಲ್ಲ. ಮೇಲಿನ ಮುಖವು ಸವೆದರೆ ಅದನ್ನು ಬಿಚ್ಚದೆ, ಅದರ ಮೇಲೆಯೇ ಇನ್ನೊಂದು ಹಳೇ ಸೀರೆಯನ್ನು ಹಾಸಿ ಹೊಲಿಯಬಹುದು.