ಗುಡ್ಡದ ಗೋಮಾಳಗಳಲ್ಲಿ ತಂಗಡಿಯನ್ನೂ ಲಂಟಾನವನ್ನೂ ಗುರುತಿಸುವ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಿಡುವಳಿದಾರರೂ ಗ್ರಾಮದ ಮುಖಂಡರೂ ಗೋಮಾಳವನ್ನು ಹಸನು ಮಾಡಿಸುವಾಗ, ಪೊದೆಗಳನ್ನೆಲ್ಲ ಒಂದೇ ಸಮನೆ ಕಡಿಸಿಬಿಡುವುದುಂಟು. ಇದರಿಂದ ಉಳಿಯಬೇಕಾದ ತಂಗಡಿಯು ನಾಶವಾಗುತ್ತದೆ. ಹೋಗಬೇಕಾದ ಲಂಟಾನವಾದರೋ ಬುಡದಿಂದ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ.

ಲಂಟಾನವು ನಮ್ಮ ಗುಡ್ಡಗಳ ಗಿಡವಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶಕ್ಕೆ ಸೇರಿದ ಇದನ್ನು 19ನೆಯ ಶತಮಾನದ ಆದಿಭಾಗದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಮುಂದೆ ಇದು ತೋಟಗಳಿಗೂ ಬೇಲಿಗಳಿಗೂ ಹರಡಿ, ಹಣ್ಣು ತಿಂದ ಪಿಕಳಾರ ಮೊದಲಾದ ಹಕ್ಕಿಗಳ ಹಿಕ್ಕೆಯ ಮೂಲಕ ಕಾಡನ್ನು ಹೊಕ್ಕಿತು. ಆದಕಾರಣ ಕಾಡಿನಲ್ಲಿ ತಾನಾಗಿ ಬೆಳೆದದ್ದೆಲ್ಲವೂ ಕಾಡುಗಿಡವೆಂದು ಎಣಿಸಲಾಗದು.

ಲಂಟಾನದ ಎಳೆಯ ಕಡ್ಡಿಯು ನಾಲ್ಕು ಮೂಲೆಯುಳ್ಳದ್ದು. ಹಲವು ಗಿಡಗಳಲ್ಲಿ ಅದರ ಮೇಲೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ. ಮುಟ್ಟಿದರೆ ಒರಟು, ಅಂಚು ಗರಗಸದಂತೆ, ಹೊಸಕಿದರೆ ಕಟುವಾದ ವಾಸನೆ. ಒಂದೇ ಗೊಂಚಲಿನಲ್ಲಿ ಹಳದಿ ಹೂವೂ ಕೆಂಪು ಅಥವಾ ಗುಲಾಬಿ ಹೂವೂ ಕಾಣುವುದುಂಟು. ಹಣ್ಣು ಬಲಿತಾಗ ಕಪ್ಪಾಗುತ್ತದೆ. ತಂಗಡಿಗೆ ಮುಳ್ಳಿಲ್ಲ. ಅದರ ಒಂದೊಂದು ಎಲೆಯೂ ಹಲವು ಜೊತೆ ಕಿರಿಯೆಲೆಗಳಿಂದ ಕೂಡಿರುತ್ತದೆ, ಹೂವು ಅಚ್ಚ ಹಳದಿ, ಐದು ದಳ, ಕಾಯಿ ಚಪ್ಪಟೆ. ದೀಪಾವಳಿಯಲ್ಲಿ ಸಗಣಿಯ ಬೆನಕನಿಗೆ ಮುಡಿಸುವ ಹೂವು ಇದೇ ಆದುದರಿಂದ, ಹೆಂಗಸರೂ ಮಕ್ಕಳೂ ಇದನ್ನು ಕೂಲಿಯಾಳುಗಳಿಗಿಂತ ಚೆನ್ನಾಗಿ ಬಲ್ಲರು. ಇದರ ತೊಗಟೆಯು ಚರ್ಮ ಹದಮಾಡಲು ಬಹುಕಾಲದಿಂದ ಬಳಕೆಯಲ್ಲಿದೆ. ದನ ಮುಟ್ಟದ ಗಿಡವೆಲ್ಲ ಹೊರಗಿನದೆಂಬ ಮಾತು ಮಾತ್ರ ನಿಲ್ಲತಕ್ಕದ್ದಲ್ಲ. ತಂಗಡಿಯನ್ನೂ ದನಗಳು ಸಾಮಾನ್ಯವಾಗಿ ಮೇಯುವುದಿಲ್ಲ.

ಮೇವು ತೀರಿದ ಬೇಸಗೆಯಲ್ಲಿ ಹಸಿದ ದನಗಳು, ವಿಶೇಷವಾಗಿ ಹೊರಗಿನಿಂದ ಹೊಸದಾಗಿ ತಂದವು, ಲಂಟಾನದ ಎಲೆಗೆ ಬಾಯಿ ಹಾಕುತ್ತವೆ. ಇದರ ವಿಷವು ಪಿತ್ತಕೋಶಕ್ಕೂ ಯಕೃತ್ತಿಗೂ ತಗಲುತ್ತದೆ. ದನವು ಮೇವು ಬಿಟ್ಟು, ಸಗಣಿ ಕಟ್ಟಿ, ಕಣ್ಣು ಹಳದಿಯಾಗಿ, ಬಿಸಿಲಿಗೆ ಮೂತಿಯ ಚರ್ಮ ಬಿರಿದರೆ ಕೂಡಲೇ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸತಕ್ಕದ್ದು. ತಡಮಾಡಿದರೆ ದನವು ಸಾಯುವುದುಂಟು.

ಲಂಟಾನವನ್ನು ಕಡಿದರೂ ಸುಟ್ಟರೂ ಸಾಯದು. ಹಣ್ಣು ಬಲಿಯುವ ಮೊದಲೇ ಬುಡದ ಮಣ್ಣನ್ನು ಗುದ್ದಲಿಯಿಂದ ಬಿಡಿಸಿ, ನೆಲಮಟ್ಟದಿಂದ ಸುಮಾರು 2 ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ಮಗುಚಿ ಒಣಗಿಸಬೇಕು. ತೆರವಾದ ನೆಲಕ್ಕೆ ಒಡನೆಯೇ ಹುಲ್ಲಿನ ಬೀಜ ಚೆಲ್ಲಿ, ಹಕ್ಕಿ ಕೂರುವ ಮರಗಳ ಕೆಳಗೆ ಹುಟ್ಟುವ ಸಸಿಗಳನ್ನು ಮಳೆಗಾಲದಲ್ಲಿ ಕಿತ್ತುಹಾಕಬೇಕು. ಗೋಮಾಳಕ್ಕೆ ತಾಗಿದ ಜಮೀನಿನವರು ಬೇಲಿಯ ನೆಪದಿಂದ ಒಂದು ಸಾಲು ಲಂಟಾನವನ್ನು ಉಳಿಸಿಕೊಂಡರೆ ಊರವರ ದುಡಿಮೆಯೆಲ್ಲ ವ್ಯರ್ಥವಾಗುತ್ತದೆ. ಅಂಥವರು ಅದರ ಸ್ಥಳದಲ್ಲಿ ಲಕ್ಕಿಯ ಕಡ್ಡಿಗಳನ್ನು ಮುಂಗಾರಿನಲ್ಲಿ ನೆಡಬಹುದು.