ಗೆದ್ದವರ ಪುಸ್ತಕ ಓದುವಾಗ

ಮಗೂ, ಮೊನ್ನೆ ನಿನ್ನ ರೂಮಿಗೆ ಬಂದಾಗ ಮೇಜಿನ ಮೇಲಿದ್ದ ಪುಸ್ತಕಗಳನ್ನು ತಿರುವಿ ಹಾಕಿದೆ. ಎರಿಕ್ ರೀಸ್ ಬರೆದ ‘ದಿ ಲೀನ್ ಸ್ಟಾರ್ಟಪ್’, ಪೀಟರ್ ಥೀಲ್ ಅವರ ‘ಝೀರೋ ಟು ಒನ್’, ಜೇಸನ್ ಫ್ರೀಡ್ ಮತ್ತು ಡೇವಿಡ್ ಹೈನ್‌ಮೇಯರ್ ಹ್ಯಾನ್ಸನ್ ಜೋಡಿಯ ‘ರೀವರ್ಕ್’. ನೀನು ಹಳದಿ ಗೆರೆ ಎಳೆದದ್ದೆಲ್ಲ ಸೂತ್ರಗಳ ಕೆಳಗೆ. ಸೋತ ಕಥೆ ಇರುವ ಪುಟಗಳು ಹಾಗೇ ಉಳಿದಿವೆ. ಅದನ್ನು ಕಂಡು ಈ ಕಾಗದ ಬರೆಯುತ್ತಿದ್ದೇನೆ.

ಥೀಲ್ ಏಕಸ್ವಾಮ್ಯ ಸಾಧಿಸು, ದೊಡ್ಡದಕ್ಕೇ ಕೈ ಹಾಕು ಅನ್ನುತ್ತಾರೆ. ಫ್ರೀಡ್ ಜೋಡಿ ಚಿಕ್ಕದಾಗಿಯೇ ಇರು, ಹೊರಗಿನ ದುಡ್ಡಿಗೆ ಕೈ ಚಾಚಬೇಡ ಅನ್ನುತ್ತದೆ. ನೀನು ಎರಡಕ್ಕೂ ಗೆರೆ ಎಳೆದಿದ್ದೀಯ! ಥೀಲ್ 2004ರಲ್ಲಿ ಫೇಸ್‌ಬುಕ್‌ಗೆ 5 ಲಕ್ಷ ಡಾಲರ್ ಹಾಕಿದ ಹೂಡಿಕೆದಾರ. ಅಂಥವರಿಗೆ ಹತ್ತು ಕಂಪನಿ ಮುಳುಗಿದರೂ ಒಂದು ತೇಲಿದರೆ ಸಾಕು. ಮುಳುಗುವ ಹತ್ತರಲ್ಲಿ ನಿನ್ನದೂ ಇರಬಹುದು ಕಣೋ. ಫ್ರೀಡ್ ಅವರದು ಶಿಕಾಗೋದಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಪುಟ್ಟ ಕಂಪನಿ. ತಮ್ಮ ಕೆಲಸಕ್ಕೆಂದು ಕಟ್ಟಿಕೊಂಡ ಬೇಸ್‌ಕ್ಯಾಂಪ್ ಎಂಬ ಸಾಫ್ಟ್‌ವೇರನ್ನು 2004ರಲ್ಲಿ ಮಾರಾಟಕ್ಕೆ ಇಟ್ಟರು. ಅಷ್ಟರಲ್ಲಿ ಅವರ ಮನೆಯ ಒಲೆ ಉರಿಯುತ್ತಿತ್ತು. ಯಾವ ಸೂತ್ರ ಓದಿದರೂ, ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ ಅಂತ ಮೊದಲು ನೋಡು.

ನಾರಾಯಣಮೂರ್ತಿಯವರ ವಿಷಯದಲ್ಲೂ ಹಾಗೆಯೇ. 1981ರಲ್ಲಿ ಇನ್ಫೋಸಿಸ್ ಶುರು ಮಾಡಲು ಹೆಂಡತಿ ಸುಧಾಮೂರ್ತಿಯವರು ಕೊಟ್ಟ 10,000 ರೂಪಾಯಿ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಮೊದಲು ನಾರಾಯಣಮೂರ್ತಿಯವರು ಶುರು ಮಾಡಿದ ಸಾಫ್ಟ್ರಾನಿಕ್ಸ್ ನಿಲ್ಲಲಿಲ್ಲ, ಆಮೇಲೆ ಪುಣೆಯ ಪಾಟ್ನಿ ಕಂಪ್ಯೂಟರ್ಸ್‌ನಲ್ಲಿ ಸಂಬಳಕ್ಕೆ ದುಡಿದರು, ಇನ್ಫೋಸಿಸ್ ಕಟ್ಟಿದ ಜೊತೆಗಾರರು ಸಿಕ್ಕಿದ್ದು ಅಲ್ಲೇ ಅನ್ನುವುದನ್ನು ಎಷ್ಟು ಜನ ಹೇಳುತ್ತಾರೆ?

ರೀಸ್ ಪುಸ್ತಕದಲ್ಲಿ ಅವರದೇ ಕಂಪನಿ ಐಎಂವಿಯು ಕಥೆ ಇರುವ ಭಾಗವನ್ನು ಇನ್ನೊಮ್ಮೆ ಓದು. ಆರು ತಿಂಗಳು ಹಗಲೂ ರಾತ್ರಿ ಕೋಡ್ ಬರೆದು ಬಿಡುಗಡೆ ಮಾಡಿದರೆ ಯಾರಿಗೂ ಅದು ಬೇಕಾಗಿರಲಿಲ್ಲ. ಜನರನ್ನು ಎದುರಿಗೆ ಕೂರಿಸಿಕೊಂಡು ಕೇಳಿದ ಮೇಲೆ ತಿಳಿಯಿತು. ಸಾವಿರಾರು ಸಾಲು ಕೋಡ್ ಎಸೆದರು. ನನಗೆ ಆ ಪುಟ ಓದುವಾಗ ಎದೆ ಭಾರವಾಗುತ್ತದೆ, ಯಾಕೆಂದರೆ ಅದೇ ತಪ್ಪು ನಾನೂ ಮಾಡಿದ್ದೇನೆ.

1996ರಲ್ಲಿ ಸಾಗರದ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇನೆಂದು ಹೊರಟೆ. ಎಂಟು ತಿಂಗಳು ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಕೂತು ಬರೆದೆ. ರಾಶಿ, ಚಾಲಿ, ಬಿಳೆಗೋಟು ಎಲ್ಲಕ್ಕೂ ಬೇರೆ ಬೇರೆ ವರದಿ, ಬಣ್ಣಬಣ್ಣದ ಗ್ರಾಫು. ಕಂಪ್ಯೂಟರ್ ಹೊತ್ತುಕೊಂಡು ಹೋಗಿ ತೋರಿಸುತ್ತಿದ್ದಾಗ ಒಬ್ಬ ರೈತರು ಬಂದು, “ನಂದು ಕಳೆದು ಎಷ್ಟು ಉಳೀತು?” ಅಂತ ಗುಮಾಸ್ತರನ್ನು ಕೇಳಿದರು. ಮಳೆಗಾಲದಲ್ಲಿ ಕೊಳೆ ಔಷಧಿಗೆ ಒಯ್ದ ಮುಂಗಡ, ಮಗಳ ಮದುವೆಗೆ ಒಯ್ದದ್ದು, ಬಡ್ಡಿ, ಹಮಾಲಿ ಎಲ್ಲ ಕಳೆದು ಕೈಗೆ ಬರುವುದೆಷ್ಟು ಅನ್ನುವುದು ಅವರ ಪ್ರಶ್ನೆ. ಗುಮಾಸ್ತರು ಖಾತೆ ಪುಸ್ತಕದ ಒಂದು ಪುಟದ ಮೇಲೆ ಬೆರಳಾಡಿಸಿ ಅರ್ಧ ನಿಮಿಷದಲ್ಲಿ ಹೇಳಿದರು. ನನ್ನ ಸಾಫ್ಟ್‌ವೇರ್‌ನಲ್ಲಿ ಮುಂಗಡಕ್ಕೆ ಜಾಗವೇ ಇರಲಿಲ್ಲ. ಮೊದಲೇ ಒಂದು ದಿನ ಆ ಗುಮಾಸ್ತರ ಪಕ್ಕದಲ್ಲಿ ಕೂತಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಪುಸ್ತಕ ಬಿಡು ಅನ್ನುತ್ತಿಲ್ಲ, ಓದು. ಆದರೆ ಪಿ.ಜಿ. ನಡೆಸುವವರಿಗೆ ಆ್ಯಪ್ ಮಾಡುತ್ತೇನೆಂದು ಕೆಲಸಕ್ಕೆ ರಾಜೀನಾಮೆ ಕೊಡುವ ಮಾತಾಡುತ್ತಿದ್ದೀಯಂತೆ, ನಿನ್ನಮ್ಮ ಹೇಳಿದಳು. ರಾಜೀನಾಮೆ ಎರಡು ತಿಂಗಳು ತಡೆದುಕೋ. ಮತ್ತಿಕೆರೆಯಲ್ಲಿ ಪಿ.ಜಿ. ನಡೆಸುವ ನನ್ನ ಪರಿಚಯದವರೊಬ್ಬರ ಹತ್ತಿರ ಮಾತಾಡಿದ್ದೇನೆ. 5ನೇ ತಾರೀಖು ಅವರ ಬಾಡಿಗೆ ವಸೂಲಿ ದಿನ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆವರೆಗೂ ಅವರ ಪಕ್ಕ ಕೂತಿರು. ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಹೋಗು.