ಹುಲ್ಲು ಮೊದಲು, ಹಿಂಡಿ ಆಮೇಲೆ

ತಮ್ಮಾ, ಬಕ್ರೀದ್ ಸಂತೆಗೆಂದು ಕೆಂಗುರಿ ಟಗರುಮರಿ ಹಿಡಿದಿದ್ದೀಯ ಎಂದು ಕೇಳಿ ಖುಷಿಯಾಯಿತು. ಆದರೆ ಮೆಕ್ಕೆಜೋಳದ ಚೀಲಗಳನ್ನು ತಂದು ಒಟ್ಟುತ್ತಿದ್ದೀಯಂತೆ. ಅದಕ್ಕೇ ಈ ನಾಲ್ಕು ಮಾತು.

ನಮ್ಮ ಯಾದಗಿರಿ ಬಿಸಿಲಲ್ಲಿ ಹುಲ್ಲು ಒಣಗಿತೆಂದರೆ ಅದರ ಪ್ರೋಟೀನ್ ಶೇ. 3-4ಕ್ಕೆ ಇಳಿದುಬಿಡುತ್ತದೆ. ಕುರಿಯ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಏನಿಲ್ಲವೆಂದರೂ ಶೇ. 7ರಷ್ಟು ಬೇಕು. ಅದು ಸಿಗದಿದ್ದರೆ ತಿಂದ ಹುಲ್ಲು ಬೇಗ ಕರಗುವುದಿಲ್ಲ, ಹೊಟ್ಟೆ ಖಾಲಿಯಾಗುವುದಿಲ್ಲ, ಮುಂದೆ ಹುಲ್ಲಿದ್ದರೂ ಮರಿ ಬಾಯಿ ಹಾಕುವುದಿಲ್ಲ. ಅಂಥ ಮರಿಗೆ ಬೇಕಾದ್ದು ಒಂದು ಹಿಡಿ ಶೇಂಗಾ ಹಿಂಡಿ, ತೊಗರಿ ಹೊಟ್ಟು, ಬದುವಿನ ಸುಬಾಬುಲ್ ಸೊಪ್ಪು. ಬರೀ ಕಾಳು ಸುರಿದರೆ ಅದು ಕಾಳಿಗೇ ಕಾದು ನಿಂತು ಮೇಯುವುದನ್ನು ಬಿಡುತ್ತದೆ. ಪುಕ್ಕಟೆ ಹುಲ್ಲು ಬಯಲಲ್ಲೇ ಉಳಿದು, ದುಡ್ಡು ಕೊಟ್ಟು ತಂದದ್ದೇ ಹೊಟ್ಟೆಗೆ ಹೋದರೆ ನಿನಗೆ ಉಳಿಯುವುದೇನು?

ಹಾಗಾಗಿ ಬೆಳಿಗ್ಗೆ ಕೊಡಬೇಡ. ಮೇದು ಬಂದು, ನೀರು ಕುಡಿದ ಮೇಲೆ ಸಂಜೆ ಕೊಡು. ನೂರು ಕಿಲೋ ಕಲಸುವುದಾದರೆ ಮೆಕ್ಕೆಜೋಳದ ನುಚ್ಚು 45, ಶೇಂಗಾ ಹಿಂಡಿ 30, ಗೋಧಿ ಬೂಸಾ 22, ಖನಿಜ ಮಿಶ್ರಣ 2, ಉಪ್ಪು 1 ಕಿಲೋ ಇರಲಿ. ಮರಿಗೆ 50 ಗ್ರಾಂನಿಂದ ಶುರು ಮಾಡಿ ಎರಡು ವಾರದಲ್ಲಿ 200-250 ಗ್ರಾಂಗೆ ಏರಿಸು. ದಿನಾ ಬೆಳಿಗ್ಗೆ ದೊಡ್ಡಿಯಲ್ಲಿ ಹಿಕ್ಕೆ ನೋಡು. ಗಟ್ಟಿಯಾಗಿ ಬಿಡಿಬಿಡಿಯಾಗಿದ್ದರೆ ಸರಿ. ಮುದ್ದೆಯಾಗಿ, ಹುಳಿ ವಾಸನೆ ಬಂದರೆ ಆ ಸಂಜೆ ಕಾಳು ನಿಲ್ಲಿಸಿ ಹೊಟ್ಟು ಹಾಕು.

ಅವಸರಪಟ್ಟವರ ಹಟ್ಟಿಗೆ ಬರುವುದು ಕರುಳುಬೇನೆ. ಸಂಜೆ ನೆಟ್ಟಗಿದ್ದ ಮರಿ, ಅದೂ ಹಿಂಡಿನಲ್ಲೇ ದುಂಡಗಿನದು, ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಕಾಳು ಶುರು ಮಾಡುವ ಮೊದಲೇ ಲಸಿಕೆ ಹಾಕಿಸು, ಡಾಕ್ಟರು ಹೇಳಿದ ದಿನಕ್ಕೆ ಎರಡನೆಯದನ್ನೂ ತಪ್ಪಿಸಬೇಡ. ದೋಣಿಗೆ ಎಲ್ಲ ಮರಿಗಳೂ ಒಟ್ಟಿಗೆ ಮೂತಿ ಇಡುವಷ್ಟು ಜಾಗ ಮಾಡು. ಇಲ್ಲದಿದ್ದರೆ ಜೋರಿರುವ ಟಗರು ಉಳಿದವುಗಳ ಪಾಲನ್ನೂ ನುಂಗಿ ತಾನೇ ಮೊದಲು ಮಲಗುತ್ತದೆ.

ಬೂಸಾ ಅಗ್ಗ ಎಂದು ಅಳತೆ ಮೀರಿ ಹಾಕಿದರೆ ಟಗರಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ನೀರು, ಉಪ್ಪು ಯಾವಾಗಲೂ ಸಿಗುವಂತಿರಲಿ. ದನಕ್ಕೆ ತಂದ ಖನಿಜದ ಪುಡಿ ಮನೆಯಲ್ಲೇ ಇದೆಯಲ್ಲ ಎಂದು ಕುರಿಗೆ ಹಾಕಬೇಡ. ಅದರಲ್ಲಿರುವ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗಿ ವಿಷವಾಗುತ್ತದೆ. ಕುರಿಗೆಂದೇ ಮಾಡಿದ್ದನ್ನು ಕೇಳಿ ತಾ.

ಮಳೆ ಬಿದ್ದು ಹುಲ್ಲು ಹಸಿರಾದ ಮೇಲೆ ಹಿಂಡಿ ಕಡಿಮೆ ಮಾಡಬಹುದು. ಆಗ ಕೂಳೆ ಜೋಳದ ಎಳೆ ಚಿಗುರಿಗೆ ಮಾತ್ರ ಮರಿ ಬಿಡಬೇಡ, ಅದರ ವಿಷ ಗಳಿಗೆಯಲ್ಲಿ ಕೊಲ್ಲುತ್ತದೆ. ಇನ್ನು ಹಿಂಡಿ ಕೊಳ್ಳುವಾಗ ಒಂದು ತುಂಡು ಮುರಿದು ಮೂಸಿ ನೋಡು. ಮುಗ್ಗಲು ವಾಸನೆ ಬಂದರೆ, ಒಳಗೆ ಬೂಷ್ಟು ಕಂಡರೆ, ಅರ್ಧ ರೇಟಿಗೆ ಕೊಟ್ಟರೂ ತರಬೇಡ.